ಇಸಬಿನ ಮನೆತನದ ಕೂಸು: ಎಣ್ಣೆ, ನೀರು, ಮುಲಾಮು

ಯಲ್ಲಾಪುರ ತಾಲೂಕಿನ ವಜ್ರಳ್ಳಿಯಂಥ ಮಲೆನಾಡಿನ ಊರುಗಳಲ್ಲಿ ಕೂಸಿಗೆ ಎರೆಯುವುದೆಂದರೆ ಅರ್ಧ ಬೆಳಗಿನ ಕೆಲಸ. ಹಂಡೆಯಲ್ಲಿ ಹಬೆಯಾಡುವ ನೀರು, ಮೈತುಂಬ ಕೊಬ್ಬರಿ ಎಣ್ಣೆ, ಜಿಡ್ಡು ತೆಗೆಯಲು ಕಡಲೆಹಿಟ್ಟು, ಕೊನೆಗೆ ಧೂಪದ ಹೊಗೆ. ಬಹಳಷ್ಟು ಮಕ್ಕಳಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಇಸಬು, ಅಂದರೆ ಎಕ್ಜಿಮಾ, ಇಲ್ಲವೆ ಉಬ್ಬಸ, ಸೀನಿನ ಅಲರ್ಜಿ ಇದ್ದರೆ ಈ ಕ್ರಮವನ್ನು ಸ್ವಲ್ಪ ಬದಲಿಸಬೇಕು.

ಇಸಬು ಅಂಟುರೋಗವಲ್ಲ, ಕೊಳಕಿನಿಂದ ಬರುವುದೂ ಅಲ್ಲ. ಚಿರೇಕಲ್ಲಿನ ಗೋಡೆಗೆ ಗಾರೆ ಸಾಲದಿದ್ದರೆ ಸಂದಿಯಲ್ಲಿ ನೀರು ಜಿನುಗುವಂತೆ, ಈ ಮಕ್ಕಳ ಚರ್ಮದಿಂದ ತೇವ ಹೊರಗೆ ಹೋಗುತ್ತದೆ, ಹೊರಗಿನ ಕಿರಿಕಿರಿ ಒಳಗೆ ಬರುತ್ತದೆ. ಹೊರಪದರವನ್ನು ಗಟ್ಟಿಮಾಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿನ ದೋಷ ಇದಕ್ಕೆ ಒಂದು ದೊಡ್ಡ ಕಾರಣವೆಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ತಂಡ ತೋರಿಸಿತು.

ಹಾಗಾದರೆ ಹುಟ್ಟಿದಂದಿನಿಂದಲೇ ದಿನವೂ ಮುಲಾಮು ಹಚ್ಚಿದರೆ ಇಸಬು ಬರುವುದನ್ನೇ ತಡೆಯಬಹುದೇ? 2014ರಲ್ಲಿ ನೂರಿಪ್ಪತ್ತರ ಆಸುಪಾಸು ಮಕ್ಕಳ ಎರಡು ಅಧ್ಯಯನಗಳು ಹೌದು ಎಂದವು. 2020ರಲ್ಲಿ ದೊಡ್ಡ ಅಧ್ಯಯನಗಳು ಬಂದಾಗ ಆ ಆಸೆ ಕುಸಿಯಿತು. ಬ್ರಿಟನ್ನಿನಲ್ಲಿ ಇಂಥ ಮನೆತನದ 1394 ಮಕ್ಕಳಲ್ಲಿ, ವರ್ಷವಿಡೀ ಮುಲಾಮು ಹಚ್ಚಿದವರ ಪೈಕಿ ಎರಡನೇ ವರ್ಷದ ಹೊತ್ತಿಗೆ ನೂರಕ್ಕೆ 23 ಮಂದಿಗೆ ಇಸಬು ಇತ್ತು, ಹಚ್ಚದವರಲ್ಲಿ 25. ಹಚ್ಚಿದವರಲ್ಲಿ ಚರ್ಮದ ಸೋಂಕು ತುಸು ಹೆಚ್ಚೇ ಕಂಡಿತು. ನಾರ್ವೆ-ಸ್ವೀಡನ್ನಿನ ಅಧ್ಯಯನದಲ್ಲೂ ಪ್ರಯೋಜನ ಕಾಣಲಿಲ್ಲ. 2025ರ ಅಮೆರಿಕದ ಅಧ್ಯಯನವೊಂದು ಸ್ವಲ್ಪ ಲಾಭ ತೋರಿಸಿತಾದರೂ ಅದು ಎದ್ದು ಕಂಡದ್ದು ಅಪಾಯ ಕಡಿಮೆ ಇರುವ ಮಕ್ಕಳಲ್ಲಿ. ಆದ್ದರಿಂದ ಇಸಬು ಬಾರದಂತೆ ಮಾಡುತ್ತದೆ ಎಂದು ಮಾರುವ ದುಬಾರಿ ಲೋಷನ್ನಿಗೆ ಹಣ ಸುರಿಯಬೇಕಿಲ್ಲ. ಚರ್ಮ ಒಣಗಿ ಬಿರಿದಾಗ ಮಾತ್ರ ಮುಲಾಮು ನಿಜವಾಗಿಯೂ ಬೇಕು. ಆಗ ದಿನಕ್ಕೆ ಎರಡು ಸಲವಾದರೂ, ಜಿಪುಣತನವಿಲ್ಲದೆ ಹಚ್ಚಿ.

ಬಚ್ಚಲಿನಲ್ಲಿ ಬದಲಿಸಬೇಕಾದದ್ದು ಮೊದಲು ನೀರಿನ ಬಿಸಿ. ಮೊಣಕೈಗೆ ಬೆಚ್ಚಗೆನಿಸಿದರೆ ಸಾಕು. ಕೂಸು ಕೆಂಪಗಾದರೆ ಒಳ್ಳೆಯ ನಿದ್ದೆ ಬರುತ್ತದೆಂಬ ಮಾತನ್ನು ಅಜ್ಜಿಯೇ ಹೇಳಿದರೂ ಕೇಳಬೇಡಿ. ಐದು-ಹತ್ತು ನಿಮಿಷದಲ್ಲಿ ಮುಗಿಸಿ. ಕಡಲೆಹಿಟ್ಟು ಬೇಡ. ಅದು ಉಜ್ಜುತ್ತದೆ, ಒಣಗಿಸುತ್ತದೆ. ಮೇಲಾಗಿ, ಬಿರಿದ ಚರ್ಮದ ಮೂಲಕ ಆಹಾರ ಪದಾರ್ಥ ಒಳಹೊಕ್ಕರೆ ಅದಕ್ಕೇ ಅಲರ್ಜಿ ಬೆಳೆಯಬಹುದೆಂಬ ಸುಳಿವನ್ನು ಶೇಂಗಾ ಎಣ್ಣೆಯ ಮುಲಾಮುಗಳ ಕುರಿತ 2003ರ ಬ್ರಿಟಿಷ್ ಅಧ್ಯಯನ ಕೊಟ್ಟಿದೆ. ಕೊಬ್ಬರಿ ಎಣ್ಣೆಯನ್ನು ತಿಕ್ಕದೆ ಮೆಲ್ಲಗೆ ಸವರಬಹುದು. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಬೇಡ. ಮೈಯನ್ನು ಮೆತ್ತನೆ ಹತ್ತಿಬಟ್ಟೆಯಿಂದ ಒತ್ತಿ ಒರೆಸಿ, ತೇವ ಆರುವ ಮೊದಲೇ ಮುಲಾಮು ಹಚ್ಚಿ. ಧೂಪದ ಹೊಗೆ ಬಿಟ್ಟುಬಿಡಿ. ಮಳೆಗಾಲದಲ್ಲಿ ಒಲೆಯ ಮೇಲೆ ಒಣಗಿಸಿದ ಬಟ್ಟೆಯಲ್ಲೂ ಹೊಗೆ ಉಳಿದಿರುತ್ತದೆ, ನೆನಪಿರಲಿ.

ಮುಲಾಮು ಯಾವುದು? ವಾಸನೆ ಹಾಕದ ಬಿಳಿ ಪೆಟ್ರೋಲಿಯಂ ಜೆಲ್ಲಿ ಅಗ್ಗ, ಸಾಕಾಗುತ್ತದೆ, ಖನಿಜ ಮೂಲದ್ದು. ಹಲವು ಕ್ರೀಮುಗಳಲ್ಲಿರುವ ಲ್ಯಾನೊಲಿನ್ ಕುರಿಯ ಉಣ್ಣೆಯ ಜಿಡ್ಡು, ಕೆಲವದರಲ್ಲಿ ಜೇನುಮೇಣವಿರುತ್ತದೆ. ನಮ್ಮ ಮನೆಗಳವರು ಹೇಗೂ ಚೀಟಿ ಓದುತ್ತಾರೆ. ಲ್ಯಾನೊಲಿನ್ ಕೆಲವರಿಗೆ ಅಲರ್ಜಿಯನ್ನೂ ತರುತ್ತದೆ.

ಎರಡು-ಮೂರು ತಿಂಗಳು ಕಳೆದ ಮೇಲೆ ಕೆನ್ನೆ, ನೆತ್ತಿ, ಕೈಕಾಲಿನ ಹೊರಮೈ ಕೆಂಪಾಗಿ, ಕೂಸು ಮುಖವನ್ನು ಹೆಗಲಿಗೆ ಉಜ್ಜತೊಡಗಿದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮನೆಯವರಿಗೂ ರಾತ್ರಿ ತುರಿಕೆ ಇದ್ದರೆ ಅದು ಕಜ್ಜಿಯಿರಬಹುದು, ಅದರ ಔಷಧವೇ ಬೇರೆ. ವೈದ್ಯರು ಬರೆದ ಸೌಮ್ಯ ಸ್ಟೆರಾಯ್ಡ್ ಮುಲಾಮನ್ನು ಹೇಳಿದಷ್ಟು ದಿನ ಹಚ್ಚಲು ಹೆದರಬೇಡಿ. ಹೆದರಬೇಕಾದ್ದು ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುವ, ಬಲವಾದ ಸ್ಟೆರಾಯ್ಡ್ ಬೆರೆತ ಟ್ಯೂಬುಗಳಿಗೆ. ಕೀವು, ಹಳದಿ ಹಕ್ಕಳೆ, ಗುಂಪುಗುಳ್ಳೆ, ಜ್ವರ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಯಲ್ಲಾಪುರಕ್ಕೆ ಹೋಗಲು ಬಸ್ಸು ಕಾಯಬೇಕಾದ ಊರಿನವರು ನಾಳೆಗೆ ಮುಂದೂಡಬಾರದು.

ಇನ್ನು ಬಾಣಂತಿಯ ತಟ್ಟೆ. ಕೂಸಿನ ಮೈಮೇಲೆ ಕೆಂಪು ಕಂಡ ಕೂಡಲೇ ತಾಯಿಗೆ ಮೊಸರು ನಂಜು, ಬೇಳೆ ನಂಜು ಎಂದು ಒಂದೊಂದೇ ನಿಲ್ಲಿಸುತ್ತಾರೆ. ಗಡ್ಡೆ-ಗೆಣಸು ಮೊದಲೇ ಇಲ್ಲದ ಅಡುಗೆಮನೆಯಲ್ಲಿ ಹಾಲು, ಬೇಳೆಯನ್ನೂ ತೆಗೆದರೆ ಅವಳಿಗೆ ಉಳಿಯುವುದು ಅನ್ನ-ತುಪ್ಪ. ತಾಯಿ ಪಥ್ಯ ಮಾಡಿದರೆ ಕೂಸಿಗೆ ಇಸಬು ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ. ಎದೆಹಾಲನ್ನಂತೂ ಇದಕ್ಕಾಗಿ ನಿಲ್ಲಿಸಲೇಬೇಡಿ. ಯಾವುದೋ ಒಂದು ಪದಾರ್ಥದ ಮೇಲೆ ಗಟ್ಟಿ ಅನುಮಾನವಿದ್ದರೆ ವೈದ್ಯರಿಗೆ ಹೇಳಿ, ಅದೊಂದನ್ನೇ ಎರಡರಿಂದ ನಾಲ್ಕು ವಾರ ಬಿಟ್ಟು, ಅವರ ಸಲಹೆಯಂತೆ ಮತ್ತೆ ತಿಂದು ನೋಡಬೇಕು. ವ್ಯತ್ಯಾಸ ಕಾಣದಿದ್ದರೆ ಅದು ಅವಳ ತಟ್ಟೆಗೆ ಮರಳಿ ಬರಲಿ.