ಕೈದಿಯ ಊಟ, ರೈತನ ಆದಾಯ

ದೇಶ ಬಡವಾಗಿದೆ ಎಂದು ಹೇಳುವುದು ಸುಲಭ. ಎಷ್ಟು ಬಡವಾಗಿದೆ ಎಂಬುದನ್ನು ಸರ್ಕಾರದ ಕಡತಗಳಿಂದಲೇ ಲೆಕ್ಕ ತೆಗೆದು ತೋರಿಸಿದವರು ದಾದಾಭಾಯಿ ನವರೋಜಿ (1825-1917). ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಈ ಪಾರ್ಸಿ ವಿದ್ವಾಂಸರು 1855ರಲ್ಲಿ ವ್ಯಾಪಾರಕ್ಕೆಂದು ಇಂಗ್ಲೆಂಡಿಗೆ ಹೋದರು.

ಬ್ರಿಟಿಷ್ ಇಂಡಿಯಾದ ತಲಾ ವಾರ್ಷಿಕ ಉತ್ಪನ್ನ ಸುಮಾರು 20 ರೂಪಾಯಿ ಎಂಬುದು 1870ರ ಹೊತ್ತಿನ ಅವರ ಅಂದಾಜು. ಕೂಲಿಗಾರನೊಬ್ಬನ ತೀರಾ ಅಗತ್ಯದ ಹಿಟ್ಟು-ಬಟ್ಟೆಗೇ 34 ರೂಪಾಯಿ ಬೇಕಿತ್ತು. ಅಷ್ಟಕ್ಕೇ ಬಿಡದೆ, ಸೆರೆಮನೆಯ ಕೈದಿಗೆ ಸರ್ಕಾರ ಮಾಡುತ್ತಿದ್ದ ಖರ್ಚನ್ನೂ ಪಕ್ಕದಲ್ಲಿಟ್ಟರು. ಕಳ್ಳನಿಗೆ ಸಿಗುವಷ್ಟೂ ಉಳುವವನಿಗೆ ದಕ್ಕುತ್ತಿರಲಿಲ್ಲ!

ಹಾಗಾದರೆ ಬೆಳೆದದ್ದೆಲ್ಲ ಎಲ್ಲಿ ಹೋಯಿತು? ಇಂಗ್ಲಿಷ್ ಅಧಿಕಾರಿಗಳ ಸಂಬಳದ ಉಳಿತಾಯ, ನಿವೃತ್ತರ ಪಿಂಚಣಿ, ಸಾಲದ ಬಡ್ಡಿ, ಲಂಡನ್ನಿನ ಇಂಡಿಯಾ ಆಫೀಸಿನ ವೆಚ್ಚ ಇವೆಲ್ಲ ವರ್ಷವರ್ಷವೂ ಸಮುದ್ರ ದಾಟುತ್ತಿದ್ದವು. ಹಿಂದಿನ ದಾಳಿಕಾರರು ದೋಚಿದರೂ ಇಲ್ಲೇ ನೆಲೆಸಿದವರು ಇಲ್ಲೇ ಖರ್ಚು ಮಾಡಿದರು; ಈ ಗಾಯ ಮಾತ್ರ ಮಾಯಲು ಬಿಡದೆ ಸುರಿಯುತ್ತಲೇ ಇದೆ ಎಂಬುದು ಅವರ ವಾದ. ಸಂಪತ್ತಿನ ಸೋರಿಕೆಯ ಸಿದ್ಧಾಂತವೆಂದರೆ ಇದೇ. ಅವರ ಲೆಕ್ಕದಲ್ಲಿ ಸೇವೆಗಳ ಮೌಲ್ಯ ಸೇರಿರಲಿಲ್ಲ ಎಂಬ ಅರ್ಥಶಾಸ್ತ್ರಜ್ಞರ ಆಕ್ಷೇಪ ನ್ಯಾಯವಾದದ್ದೇ. ಆದರೆ ಬಡತನಕ್ಕೆ ದೈವವೋ ಸೋಮಾರಿತನವೋ ಕಾರಣವೆನ್ನುತ್ತಿದ್ದವರ ಬಾಯಿ ಕಟ್ಟಿಸಲು ಅದು ಸಾಕಾಗಿತ್ತು.

ವಿಚಿತ್ರವೆಂದರೆ, ಇಷ್ಟೆಲ್ಲ ಕಂಡವರಿಗೆ ಬ್ರಿಟಿಷರ ನ್ಯಾಯಬುದ್ಧಿಯಲ್ಲಿ ನಂಬಿಕೆ ಹೋಗಿರಲಿಲ್ಲ. 1901ರ ತಮ್ಮ ಗ್ರಂಥದ ಹೆಸರಿನಲ್ಲೇ ಭಾರತದ ಆಳ್ವಿಕೆಯನ್ನು ‘ಬ್ರಿಟಿಷರಿಗೆ ತಕ್ಕುದಲ್ಲದ್ದು’ ಎಂದು ಕರೆದರು. 1892ರಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿಯಿಂದ ಬೆರಳೆಣಿಕೆಯ ಮತಗಳ ಅಂತರದಲ್ಲಿ ಗೆದ್ದು ಪಾರ್ಲಿಮೆಂಟ್ ಸೇರಿದ್ದೂ ಆ ನಂಬಿಕೆಯಿಂದಲೇ. ಮರುವರ್ಷ, ಐ.ಸಿ.ಎಸ್. ಪರೀಕ್ಷೆ ಭಾರತದಲ್ಲೂ ಏಕಕಾಲಕ್ಕೆ ನಡೆಯಬೇಕೆಂಬ ನಿರ್ಣಯವನ್ನು ಕಾಮನ್ಸ್ ಸಭೆ ಅಂಗೀಕರಿಸಿತು. ಸರ್ಕಾರ ಅದನ್ನು ಮೂಲೆಗೆ ತಳ್ಳಿತು. 1895ರಲ್ಲಿ ಅವರು ಸೋತರು.

ಆ ತಾಳ್ಮೆಗೂ ಒಂದು ಮಿತಿ ಇತ್ತು. 1906ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ, 81ರ ವಯಸ್ಸಿನಲ್ಲಿ ಮೂರನೆಯ ಬಾರಿ ಅಧ್ಯಕ್ಷರಾಗಿದ್ದ ಅವರು ‘ಸ್ವರಾಜ್ಯ’ವನ್ನೇ ಗುರಿಯೆಂದು ಸಾರಿದರು. ಇಂಗ್ಲೆಂಡಿನಲ್ಲಿ ಅಥವಾ ಅದರ ವಸಾಹತುಗಳಲ್ಲಿ ಇರುವಂಥ ಸ್ವಯಂ ಆಡಳಿತ ಎಂದು ಅದಕ್ಕೆ ಅರ್ಥವನ್ನೂ ಕೊಟ್ಟರು. ಮಂದಗಾಮಿಗಳು, ತೀವ್ರಗಾಮಿಗಳು ಅದನ್ನು ತಮತಮಗೆ ಬೇಕಾದಂತೆ ಅರ್ಥೈಸಿಕೊಂಡರು. ಮರುವರ್ಷ ಸೂರತ್ತಿನಲ್ಲಿ ಕಾಂಗ್ರೆಸ್ ಎರಡಾಯಿತು.