ಎರಡೇ ತಂತಿಗೆ ಐದು ಸೆನ್ಸರ್

ಪ್ರಶ್ನೆ: ಉಷ್ಣತೆ, ತೇವಾಂಶ, ಬೆಳಕು ಅಳೆಯುವ ಐದು ಮಾಡ್ಯೂಲ್‌ಗಳನ್ನು ಒಂದೇ ಐ-ಟು-ಸಿ ಬಸ್‌ಗೆ ಜೋಡಿಸಿದ್ದೇನೆ. ಒಂದೊಂದಾಗಿ ಸರಿ, ಎಲ್ಲ ಸೇರಿದರೆ ಕೈಕೊಡುತ್ತದೆ. ಏಕೆ?
— ಓದುಗರು, ಅನಮೋಡ

ಉತ್ತರ: ಯಾವ ಎರಡು ಚಿಪ್‌ಗಳಿಗೂ ಒಂದೇ ವಿಳಾಸ ಇಲ್ಲವೆಂದಾದರೆ, ಪುಲ್‌ಅಪ್ ರೆಸಿಸ್ಟರ್ ನೋಡಿ. ಫಿಲಿಪ್ಸ್ ಕಂಪನಿ 1982ರಲ್ಲಿ ರೂಪಿಸಿದ ಈ ಬಸ್‌ನಲ್ಲಿ ಚಿಪ್‌ಗಳು ತಂತಿಯನ್ನು ಕೆಳಕ್ಕೆಳೆಯಬಲ್ಲವೇ ಹೊರತು ಮೇಲೆತ್ತಲಾರವು. ಅದು ರೆಸಿಸ್ಟರ್‌ನ ಕೆಲಸ. ಮಾರುಕಟ್ಟೆಯ ಹೆಚ್ಚಿನ ಮಾಡ್ಯೂಲ್‌ಗಳಲ್ಲಿ ಅದು ಮೊದಲೇ ಕೂತಿರುತ್ತದೆ. 4.7 ಕಿಲೋ ಓಮ್‌ನ ಐದು ಸಮಾಂತರವಾಗಿ ಸೇರಿದರೆ ಉಳಿಯುವುದು 940 ಓಮ್. 3.3 ವೋಲ್ಟ್‌ನಲ್ಲಿ ಚಿಪ್ ಸುಮಾರು 3.5 ಮಿಲಿಆಂಪ್ ಎಳೆಯಬೇಕಾಗುತ್ತದೆ. ನಿಯಮ ಖಾತ್ರಿ ಕೊಡುವುದು 3ಕ್ಕೆ ಮಾತ್ರ. ಒಂದು ಜೋಡಿ ಉಳಿಸಿ, ಮಿಕ್ಕವನ್ನು ಕಿತ್ತುಬಿಡಿ.

ಸ್ವಂತ ಬೋರ್ಡ್ ಮಾಡಿಸುವುದಾದರೆ ಗೆರೆಗಳನ್ನು ಚಿಪ್‌ನಿಂದ ಚಿಪ್‌ಗೆ ಸಾಲಾಗಿ ಒಯ್ಯಿರಿ, ಉದ್ದ ಕವಲು ಬೇಡ. ಕೆಳಪದರವೆಲ್ಲ ಗ್ರೌಂಡ್ ಇರಲಿ. ಪ್ರತಿ ಚಿಪ್‌ನ ಪಕ್ಕದಲ್ಲೇ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೇಕು. ಬಸ್‌ನ ಒಟ್ಟು ಕೆಪಾಸಿಟೆನ್ಸ್ 400 ಪಿಕೊಫ್ಯಾರಡ್ ದಾಟಬಾರದು.

ನಿಮ್ಮ ಘಟ್ಟದ ಮಳೆಗೆ ಬರಿಯ ಬೋರ್ಡ್ ಬಾಳುವುದಿಲ್ಲ. ತೇವಾಂಶ ಸೆನ್ಸರ್‌ನ ಕಿಂಡಿ ಬಿಟ್ಟು ಉಳಿದೆಡೆ ರಕ್ಷಣಾ ವಾರ್ನಿಷ್ ಬಳಿಯಿರಿ. ಸೆನ್ಸರ್ ತೋಟದ ತುದಿಗೆ ಹೋಗುವುದಿದ್ದರೆ ಐ-ಟು-ಸಿ ಬಿಟ್ಟು ಆರ್‌ಎಸ್-485 ಬಳಸಿ, ತಂತಿಯ ಎರಡೂ ತುದಿಗಳಲ್ಲಿ 120 ಓಮ್ ಹಾಕಿ.