ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ನಂತರ ತೂಕದ ಮುಳ್ಳು ನಿಂತಾಗ

ಖಾನಾಪುರದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಬೆಳಗಾವಿಯಲ್ಲಿ ಜಠರವನ್ನು ಕಿರಿದಾಗಿಸುವ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ವರ್ಷವಾಗುತ್ತ ಬಂದಿದೆ. ಮೊದಮೊದಲು ತೂಕ ಸರಸರನೆ ಇಳಿಯಿತು. ಈಗ ಕೆಲವು ವಾರಗಳಿಂದ ಮುಳ್ಳು ಅಲ್ಲಾಡುತ್ತಿಲ್ಲ. ಒಮ್ಮೊಮ್ಮೆ ಬೆಳಗಾಗುವುದರೊಳಗೆ ಒಂದೂವರೆ ಕಿಲೊ ಏರಿರುತ್ತದೆ. ‘ಹೊಟ್ಟಿ ಕೊಯ್ಸಿಕೊಂಡ್ರೂ ಬಾಯಿ ಕಟ್ಟಲಿಲ್ಲ ಅಂತ ಮನ್ಯಾಗ ಆಡಿಕೊಳ್ತಾರ. ನಂದೇನು ತಪ್ಪಾಗೇತ್ರಿ?’ ಎಂದು ಕೇಳಿದ್ದಾರೆ.

ತಪ್ಪೇನೂ ಆಗಿಲ್ಲ ಎಂಬುದು ಚಿಕ್ಕ ಉತ್ತರ. ಯಾಕೆ ಆಗಿಲ್ಲ ಎಂಬುದನ್ನು ಬಿಡಿಸಿ ಹೇಳಲು ವಿಜ್ಞಾನಕ್ಕೆ ಹೆಚ್ಚುಕಡಿಮೆ ಎಂಬತ್ತು ವರ್ಷ ಹಿಡಿದಿದೆ.

ಮೊದಲು ಆ ಒಂದೂವರೆ ಕಿಲೊ ಲೆಕ್ಕ ಚುಕ್ತಾ ಮಾಡೋಣ. ಅಷ್ಟು ಕೊಬ್ಬು ಮೈಗೆ ಸೇರಬೇಕಾದರೆ ದೇಹದ ಖರ್ಚಿಗಿಂತ ಸುಮಾರು 11,500 ಕಿಲೊಕ್ಯಾಲರಿ ಹೆಚ್ಚು ತಿನ್ನಬೇಕು. ಸ್ಲೀವ್ ಆದವರ ಜಠರಕ್ಕೆ ಒಂದೇ ರಾತ್ರಿಯಲ್ಲಿ ಅದು ಸಾಧ್ಯವೇ ಇಲ್ಲ. ಹಾಗಾದರೆ ಏರಿದ್ದೇನು? ನೀರು. ನಮ್ಮ ಯಕೃತ್ತು ಮತ್ತು ಸ್ನಾಯುಗಳು ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಸುಮಾರು ಅರ್ಧ ಕಿಲೊದಷ್ಟು ಕೂಡಿಡುತ್ತವೆ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಮೂರು ಗ್ರಾಂನಷ್ಟು ನೀರು ಅಂಟಿಕೊಂಡಿರುತ್ತದೆ. ಒಟ್ಟು ಎರಡು ಕಿಲೊ ಆಯಿತಲ್ಲ! ಆಪರೇಶನ್ ಆದ ಮೊದಲ ವಾರದಲ್ಲಿ ಈ ದಾಸ್ತಾನು ಖಾಲಿಯಾಗಿ ತೂಕ ಧಡಕ್ಕನೆ ಬೀಳುತ್ತದೆ. ಗಂಜಿ, ಮೆತ್ತನೆ ಅನ್ನ ಶುರುವಾದಾಗ ಒಂದಿಷ್ಟು ಮರಳಿ ತುಂಬಿಕೊಳ್ಳುತ್ತದೆ. ಮೂರನೇ ವಾರದ ಹೊತ್ತಿಗೆ ತೂಕ ನಿಂತುಬಿಟ್ಟಿತೆಂದು ಅನೇಕರು ಗಾಬರಿಯಾಗುವುದು ಇದೇ ಕಾರಣಕ್ಕೆ. ಕೊಬ್ಬು ಆಗಲೂ ಕರಗುತ್ತಲೇ ಇರುತ್ತದೆ. ಇದರ ಮೇಲೆ ಊಟದಲ್ಲಿ ಉಪ್ಪಿನಕಾಯಿ–ಹಪ್ಪಳ ಹೆಚ್ಚಾದರೆ, ಮುಟ್ಟಿನ ದಿನ ಹತ್ತಿರವಾದರೆ, ಮಲಬದ್ಧತೆಯಾದರೆ, ಹೊಸದಾಗಿ ವ್ಯಾಯಾಮಕ್ಕಿಳಿದರೆ ಮುಳ್ಳು ಒಂದೆರಡು ಕಿಲೊ ಆಚೀಚೆ ಹೋಗುವುದು ಮಾಮೂಲು. ವಾರಕ್ಕೊಮ್ಮೆ, ಅದೇ ದಿನ, ಒಂದೇ ಹೊತ್ತು, ಒಂದೇ ತಕ್ಕಡಿಯಲ್ಲಿ ತೂಗಿದರೆ ಈ ಗದ್ದಲದ ಮುಕ್ಕಾಲು ಪಾಲು ತಣ್ಣಗಾಗುತ್ತದೆ.

ಇನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ನಿಲ್ಲುವ ತೂಕದ ಮಾತು. ಇದನ್ನು ತಿಳಿಯಲು ಕೆರೆಯ ತೂಬಿಗಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ. ಕೆರೆ ತುಂಬಿದ್ದಾಗ ತೂಬಿನಿಂದ ನೀರು ಧುಮುಕುತ್ತದೆ. ಮೇಲಿನ ಕಾಲುವೆಯಿಂದ ಬರುವ ನೀರನ್ನು ಅರ್ಧಕ್ಕಿಳಿಸಿ, ಕೆರೆ ಇಳಿಯತೊಡಗುತ್ತದೆ. ಇಳಿದಂತೆಲ್ಲ ತೂಬಿನ ಮೇಲಿನ ಒತ್ತಡ ಕಡಿಮೆಯಾಗಿ ಹೊರಹರಿವೂ ಕುಗ್ಗುತ್ತದೆ. ಒಳಬರುವುದೂ ಹೊರಹೋಗುವುದೂ ಒಂದಕ್ಕೊಂದು ಸಮವಾದ ದಿನ ಕೆರೆಯ ಮಟ್ಟ ನಿಲ್ಲುತ್ತದೆ. ಯಾರೂ ತೂಬು ಮುಚ್ಚಿಲ್ಲ, ಕಾಲುವೆ ಹೆಚ್ಚಿಸಿಲ್ಲ, ಆದರೂ ನಿಲ್ಲುತ್ತದೆ. ದೇಹವೂ ಹಾಗೆಯೇ. 120 ಕಿಲೊ ದೇಹವನ್ನು ಹೊತ್ತು ನಡೆಯಲು ತಗಲುವ ಶಕ್ತಿ 85 ಕಿಲೊ ದೇಹಕ್ಕೆ ಬೇಕಾಗುವುದಿಲ್ಲ. 1958ರಲ್ಲಿ ಮ್ಯಾಕ್ಸ್ ವಿಶ್ನೋಫ್ಸ್ಕಿ ಎಂಬ ವೈದ್ಯ ಒಂದು ಪೌಂಡ್ ತೂಕಕ್ಕೆ 3,500 ಕ್ಯಾಲರಿ ಎಂದು ಲೆಕ್ಕ ಕೊಟ್ಟರು. ದಿನಕ್ಕೆ 500 ಕಡಿಮೆ ತಿಂದರೆ ವಾರಕ್ಕೊಂದು ಪೌಂಡ್ ಇಳಿಯುತ್ತದೆಂಬ ಲೆಕ್ಕ ಇಂದಿಗೂ ಡಯೆಟ್ ಚಾರ್ಟ್‌ಗಳಲ್ಲಿ ಓಡಾಡುತ್ತಿದೆ. ಕೆರೆ ಖಾಲಿಯಾಗುವವರೆಗೂ ತೂಬು ಒಂದೇ ರಭಸದಲ್ಲಿ ಹರಿಯುತ್ತದೆ ಎಂದು ನಂಬಿದಂತೆ ಇದು. ಈ ಲೆಕ್ಕ ಹಿಡಿದು ರೋಗಿಗಳನ್ನು ಗದರಿಸುವುದು ಅನ್ಯಾಯ.

ಕೆರೆಗೂ ದೇಹಕ್ಕೂ ಒಂದು ವ್ಯತ್ಯಾಸವಿದೆ. ದೇಹದ ಕೆರೆ ಇಳಿದರೆ ಮೇಲ್ಗಡೆ ಯಾರೋ ಮೆಲ್ಲಗೆ ಕಾಲುವೆಯ ಬಾಗಿಲು ಎತ್ತುತ್ತಾರೆ, ಅಂದರೆ ಹಸಿವು ಹೆಚ್ಚುತ್ತದೆ. ಅದನ್ನು ಕಣ್ಣಾರೆ ತೋರಿಸಿದವರು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್. ಎರಡನೇ ಮಹಾಯುದ್ಧದ ಕೊನೆಗೆ, 1944ರ ನವೆಂಬರ್‌ನಲ್ಲಿ, ಯುದ್ಧಕ್ಕೆ ಹೋಗಲೊಲ್ಲದ 36 ಆರೋಗ್ಯವಂತ ಯುವಕರು ಸ್ವಇಚ್ಛೆಯಿಂದ ಅವರ ಪ್ರಯೋಗಕ್ಕೆ ಸೇರಿದರು. 24 ವಾರ ಅರೆಹೊಟ್ಟೆ. ತೂಕ ಸುಮಾರು ಕಾಲು ಭಾಗ ಇಳಿಯಿತು, ಕೊನೆಕೊನೆಗೆ ಇಳಿಕೆ ನಿಂತಂತಾಯಿತು. ನಾಡಿ ನಿಧಾನವಾಯಿತು, ಮೈ ತಣ್ಣಗಾಯಿತು, ಕಾಲಲ್ಲಿ ನೀರು ತುಂಬಿತು. ಓದಿಗೆ ಹೆಸರಾದ ಹುಡುಗರು ಅಡುಗೆ ಪುಸ್ತಕಗಳನ್ನು ಇಟ್ಟುಕೊಂಡು ಕೂತರು. ಊಟ ಮರಳಿ ಸಿಕ್ಕಾಗ ಹಲವರ ಮೈಯ ಕೊಬ್ಬು ಮೊದಲಿಗಿಂತಲೂ ಹೆಚ್ಚಾಯಿತು. ಇವರಿಗೆ ಮನೋಬಲ ಇರಲಿಲ್ಲ ಎಂದು ಯಾರು ಹೇಳುತ್ತಾರೆ?

ಬಾಗಿಲು ಎತ್ತುವ ಕೈಗಳ ಗುರುತು ಸಿಕ್ಕಿದ್ದು ಬಹಳ ತಡವಾಗಿ. 1994ರಲ್ಲಿ ಜೆಫ್ರಿ ಫ್ರೀಡ್ಮನ್ ತಂಡ ಲೆಪ್ಟಿನ್ ಎಂಬ ಹಾರ್ಮೋನ್ ಪತ್ತೆಮಾಡಿತು. ಕೊಬ್ಬು ಕರಗಿದಂತೆ ಇದು ಕಡಿಮೆಯಾಗಿ ಮಿದುಳಿಗೆ ಬರಗಾಲದ ಸುದ್ದಿ ಮುಟ್ಟಿಸುತ್ತದೆ. 1999ರಲ್ಲಿ ಜಪಾನಿನ ಮಸಾಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಇಲಿಯ ಜಠರದಲ್ಲಿ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನ್ ಕಂಡರು. ಬರೀ ಪಥ್ಯದಿಂದ ತೂಕ ಇಳಿಸಿದವರಲ್ಲಿ ಗ್ರೆಲಿನ್ ಶೇ 24ರಷ್ಟು ಏರುತ್ತದೆ, ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಇನ್ನೊಂದು ತೂಕ ಇಳಿಸುವ ಆಪರೇಶನ್ ಆದವರಲ್ಲಿ ತೀರಾ ಕಡಿಮೆಯಿರುತ್ತದೆ ಎಂದು 2002ರಲ್ಲಿ ಡೇವಿಡ್ ಕಮಿಂಗ್ಸ್ ತಂಡ ವರದಿ ಮಾಡಿತು. ಭೌತವಿಜ್ಞಾನ ಓದಿ ಪೌಷ್ಟಿಕತೆಯ ಸಂಶೋಧನೆಗೆ ಬಂದ ಕೆವಿನ್ ಹಾಲ್ ಇವನ್ನೆಲ್ಲ ಗಣಿತಕ್ಕೆ ಇಳಿಸಿದರು. ಇಳಿದ ಪ್ರತಿ ಕಿಲೊಗೆ ದೇಹದ ಖರ್ಚು ದಿನಕ್ಕೆ ಸುಮಾರು 25 ಕಿಲೊಕ್ಯಾಲರಿ ಕುಗ್ಗುತ್ತದೆ. ಹಸಿವು ಮಾತ್ರ ಸುಮಾರು 100 ಕಿಲೊಕ್ಯಾಲರಿಯಷ್ಟು ಏರುತ್ತದೆ. ತೂಬಿಗಿಂತ ಕಾಲುವೆಯ ಬಾಗಿಲೇ ಬಲಶಾಲಿ ಎಂದಾಯಿತು.

ಸ್ಲೀವ್ ಶಸ್ತ್ರಚಿಕಿತ್ಸೆ ಕೈ ಹಾಕುವುದು ಈ ಬಾಗಿಲಿಗೇ. ಸುಮಾರು 12 ಮಿಲಿಮೀಟರ್ ದಪ್ಪದ ನಳಿಕೆಯೊಂದನ್ನು ಬಾಯಿಯಿಂದ ಜಠರಕ್ಕಿಳಿಸಿ, ಅದಕ್ಕೆ ಒತ್ತಿ ಉದ್ದುದ್ದಕ್ಕೆ ಸ್ಟೇಪ್ಲರ್ ಹಾಯಿಸಿ, ಉಬ್ಬಿದ ಮುಕ್ಕಾಲು ಪಾಲಿಗೂ ಹೆಚ್ಚಿನ ಜಠರವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು 100–150 ಮಿ.ಲೀ. ಹಿಡಿಸುವ ಕೊಳವೆ. ಹೋದ ಭಾಗದ ಮೇಲ್ತುದಿಯಲ್ಲೇ ಗ್ರೆಲಿನ್ ಹೆಚ್ಚಾಗಿ ತಯಾರಾಗುತ್ತಿತ್ತು. ಸ್ವಾರಸ್ಯವೆಂದರೆ, ಮೊದಲು ಇದು ಪೂರ್ತಿ ಚಿಕಿತ್ಸೆಯೇ ಆಗಿರಲಿಲ್ಲ. ದೊಡ್ಡ ಆಪರೇಶನ್ ತಡೆಯಲಾರದಷ್ಟು ಭಾರದ ರೋಗಿಗಳಿಗೆ ಮೊದಲ ಹಂತವೆಂದು 2000ದ ಸುಮಾರಿಗೆ ಮಿಶೆಲ್ ಗ್ಯಾಗ್ನೆ ನ್ಯೂಯಾರ್ಕ್‌ನಲ್ಲಿ ಮಾಡತೊಡಗಿದ್ದರು. ಮೊದಲ ಹಂತಕ್ಕೇ ತೂಕ ಚೆನ್ನಾಗಿ ಇಳಿದು ಕೆಲವರಿಗೆ ಎರಡನೆಯದು ಬೇಕಾಗಲಿಲ್ಲ.

ಬಾಗಿಲನ್ನು ತಗ್ಗಿಸಬಹುದು, ಕಿತ್ತೊಗೆಯಲಾಗದು. ಆದ್ದರಿಂದ ಆಪರೇಶನ್ ಆದವರಲ್ಲೂ ತೂಕ ಒಂದು ಕಡೆ ನಿಲ್ಲುತ್ತದೆ, ತುಸು ಹಿಂದಿರುಗುತ್ತದೆ. 1987ರಲ್ಲಿ ಶುರುವಾದ ಸ್ವೀಡನ್ನಿನ ದೊಡ್ಡ ಅಧ್ಯಯನದ ಫಲಿತಾಂಶವನ್ನು ಲಾರ್ಸ್ ಶೋಸ್ಟ್ರೋಮ್ 2007ರಲ್ಲಿ ಪ್ರಕಟಿಸಿದರು. ಗ್ಯಾಸ್ಟ್ರಿಕ್ ಬೈಪಾಸ್ ಆದವರ ತೂಕ ಒಂದೆರಡು ವರ್ಷಗಳಲ್ಲಿ ಶೇ 32ರಷ್ಟು ಇಳಿದಿತ್ತು. ಹತ್ತು ವರ್ಷದ ಹೊತ್ತಿಗೆ ಇಳಿಕೆ ಶೇ 25ಕ್ಕೆ ಬಂದು ನಿಂತಿತ್ತು. ಅಷ್ಟಾದರೂ ಆಪರೇಶನ್ ಆದವರ ಗುಂಪಿನಲ್ಲಿ ಸಾವು ಕಡಿಮೆಯಿತ್ತು. ಜಾಹೀರಾತಿನ ‘ಮೊದಲು–ನಂತರ’ ಫೋಟೊಗಳನ್ನು ತೂಕ ಇಳಿದು ತುಸು ಏರುವ ಈ ಗೆರೆಯ ಪಕ್ಕ ಇಟ್ಟು ನೋಡಿ. ‘ನಂತರ’ ಎಂಬುದು ಬಹುಪಾಲು ಗೆರೆಯ ತೀರಾ ತಳದಲ್ಲಿ ಹಿಡಿದ ಚಿತ್ರ. ಹತ್ತನೇ ವರ್ಷದ ಫೋಟೊ ಯಾರೂ ಹಾಕುವುದಿಲ್ಲ. ಹಾಕಿದ್ದರೆ ನಮ್ಮ ಓದುಗರು ಇಷ್ಟು ಹೆದರುತ್ತಿರಲಿಲ್ಲ.

2025ರಲ್ಲಿ ಭಾರತಕ್ಕೆ ಬಂದ, ತೂಕ ಇಳಿಸುವ ಮೌಂಜಾರೊ, ವೆಗೋವಿ ಇಂಜೆಕ್ಷನ್‌ಗಳ ಬಗ್ಗೆಯೂ ಇದೇ ಎಚ್ಚರ ಬೇಕು. ಆಪರೇಶನ್ ನಂತರ ತೂಕ ಮರಳಿದವರಿಗೆ ವೈದ್ಯರು ಇವನ್ನು ಬರೆದುಕೊಡುವುದುಂಟು, ಉಪಯೋಗವೂ ಇದೆ. ಆದರೆ ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಪಾಲು ಮರಳಿದ್ದನ್ನು 2022ರ ವರದಿಯೊಂದು ತೋರಿಸಿದೆ.

ಓದುಗರ ಕೈಯಲ್ಲಿರುವುದು ಏನು? ಬೆಳಗಾವಿಯ ಮಟ್ಟಿಗೆ ಹೇಳುವುದಾದರೆ ಕುಂದಾ ಮೇಲೆ ಕಣ್ಣಿಡಬೇಕು. ಎರಡು ತುತ್ತು ರೊಟ್ಟಿಗೆ ಬಿಗಿಯಾಗುವ ಹೊಟ್ಟೆಯಲ್ಲಿ, ಹಾಲು–ಸಕ್ಕರೆ ಗಟ್ಟಿಯಾಗಿ ಕುದಿಸಿದ ಮೆತ್ತನೆ ಕುಂದಾ ಸುಲಭವಾಗಿ ಜಾರಿಹೋಗುತ್ತದೆ. ಸಿಹಿ ಚಹಾ, ಹಣ್ಣಿನ ರಸ, ಆಗಾಗ ಬಾಯಾಡಿಸುವ ಚೂಡಾ ಎಲ್ಲವೂ ಇದೇ ಸಾಲಿನವು. ಖಾನಾಪುರದ ಕಡೆ ಅನ್ನವೇ ಊಟ. ಅನ್ನಕ್ಕೆ ಕೈಹಾಕುವ ಮೊದಲು ಮಡಕಿಕಾಳಿನ ಉಸುಳಿ, ಗಟ್ಟಿ ಬೇಳೆ, ಮೊಸರು, ತಿನ್ನುವವರು ಮೊಟ್ಟೆ–ಮೀನು ಮುಗಿಸಿಕೊಳ್ಳಲಿ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ನಡಿಗೆಯ ಜೊತೆ ಭಾರ ಎತ್ತುವ ವ್ಯಾಯಾಮವೂ ಇರಲಿ. ಸ್ನಾಯು ಕರಗಿದರೆ ದೇಹದ ಖರ್ಚು ಇನ್ನಷ್ಟು ಕುಗ್ಗುತ್ತದೆ. ತಿಂಗಳುಗಟ್ಟಲೆ ತೂಕ ಏರುತ್ತಲೇ ಹೋದರೆ ಥೈರಾಯ್ಡ್ ನೋಡಿಸಿ, ಬೇರೆ ಕಾಯಿಲೆಗೆ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ವೈದ್ಯರ ಮುಂದಿಡಿ.

ಒಂದು ಮಾತು ಮಾತ್ರ ಕೈಮುಗಿದು ಕೇಳುತ್ತೇನೆ. ತೂಕ ನಿಂತಿತೆಂಬ ಬೇಸರಕ್ಕೆ, ಊರವರ ಮಾತಿನ ಸಂಕೋಚಕ್ಕೆ ಬೆಳಗಾವಿಯ ಡಾಕ್ಟರರ ಕಡೆ ಹೋಗುವುದನ್ನು ಬಿಡಬೇಡಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಜೀವನಪೂರ್ತಿ ಬೇಕು, ವರ್ಷಕ್ಕೊಮ್ಮೆ ರಕ್ತಪರೀಕ್ಷೆಯೂ ಬೇಕು. ಕಾಲು ಜೋಮು ಹಿಡಿದರೆ, ವಾಂತಿ ನಿಲ್ಲದಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ಹೊರಡಿ.